ಮೂರನೇ ಮೆಟ್ಟಿಲವರೆಗೆ

"ಬಟ್ಟೆ ಒಗೆಯೋ ಮಷೀನನ್ನ ಅಷ್ಟು ಎತ್ತರದಲ್ಲಿ ಯಾಕೆ ಇಟ್ಟಿದ್ದೀರಿ ಮೇಡಂ?"

ಬೇಲಿಯ ಆಚೆಯಿಂದ ಬಂದ ಪ್ರಶ್ನೆಗೆ ಗ್ಲೆನಿಸ್ ಕೈಯಲ್ಲಿದ್ದ ಒದ್ದೆ ಟವೆಲನ್ನು ಹಾಗೇ ಹಿಡಿದು ನಿಂತಳು. ಪಕ್ಕದ ಒಂಬತ್ತನೇ ನಂಬರಿನ ಮನೆಯ ಹರಾಜಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಕೇಳಿದವಳು ಮೂವತ್ತರ ಆಸುಪಾಸಿನ ಕುಳ್ಳಗಿನ ಹೆಂಗಸು. ಆಸ್ಪತ್ರೆಯ ನೀಲಿ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದವಳೆಂದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಆ ಬೀದಿಯ ಮನೆಗಳೆಲ್ಲ ಮರದ ಕಂಬಗಳ ಮೇಲೆ ನಿಂತವು. ಮೇಲೆ ಸಂಸಾರ, ಕೆಳಗೆ ಕಾರು, ಏಣಿ, ಒಗೆಯುವ ಜಾಗ. ಗ್ಲೆನಿಸಳ ಮಷೀನು ಎದೆಮಟ್ಟದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು, ಸ್ವಿಚ್ಚುಗಳು ತಲೆಗಿಂತ ಮೇಲಿದ್ದವು. ಬಟ್ಟೆ ಹಾಕಲು ಅವಳು ಹಾಲಿನ ಕ್ರೇಟೊಂದರ ಮೇಲೆ ಹತ್ತಬೇಕು. ಮೂವತ್ತೊಂದು ವರ್ಷದಿಂದ ದಿನಾ ಹತ್ತಿ ಇಳಿದರೂ ಅದೊಂದು ವಿಚಿತ್ರವೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ಬೆನ್ನು ನೋವು ಕಣಮ್ಮ. ಬಗ್ಗೋಕಾಗಲ್ಲ."

ಹೆಂಗಸು ನಕ್ಕಳು. "ಹಾಗಾದ್ರೆ ಇಡೀ ಬೀದಿಗೇ ಬೆನ್ನು ನೋವು ಅನ್ನಿ. ಎಲ್ಲರ ಮನೇಲೂ ಮಷೀನು ಮೇಲೇ ಕೂತಿದೆ. ನಮ್ಮೂರಲ್ಲೂ ಹೀಗೇ ಇಡ್ತೀವಿ ಮೇಡಂ, ಫಿಲಿಪೀನ್ಸಲ್ಲಿ. ವರ್ಷಕ್ಕೆರಡು ಸಲ ಹೊಳೆ ಮನೆಗೆ ಬರುತ್ತೆ, ನೆಂಟರ ಹಾಗೆ. ನನ್ನ ಹೆಸರು ರೊವೆನಾ. ಇಲ್ಲೇ ದೊಡ್ಡಾಸ್ಪತ್ರೇಲಿ ನರ್ಸು."

ಗ್ಲೆನಿಸ್ ಟವೆಲು ಝಾಡಿಸಿ ತಂತಿಗೆ ಹಾಕಿದಳು. ಕ್ಲಿಪ್ಪು ಒಂದು ಕೈಜಾರಿ ಬಿತ್ತು.

"ನೀರು ಬರುತ್ತಾ ಅಂತ ಕೇಳ್ತಿಲ್ಲ," ಎಂದಳು ರೊವೆನಾ, ದನಿ ತಗ್ಗಿಸಿ. "ವಿಮೆಯವರು ಕೇಳಿದ ದುಡ್ಡು ನೋಡಿದ್ರೇ ಗೊತ್ತಾಗುತ್ತೆ. ಆದ್ರೂ ನಂಗೆ ಎಟುಕೋದು ಈ ಬೀದಿ ಒಂದೇ. ಎಲ್ಲೀವರೆಗೆ ಬಂದಿತ್ತು, ಅಷ್ಟು ಹೇಳಿಬಿಡಿ ಸಾಕು."

ಎಲ್ಲೀವರೆಗೆ ಎಂಬುದು ಗ್ಲೆನಿಸಳಿಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷದ ಹಿಂದೆ ಹೊಳೆ ಹದಿನಾಲ್ಕು ಮೆಟ್ಟಿಲನ್ನೂ ಮುಳುಗಿಸಿ, ಮೇಲಿನ ಮನೆಯೊಳಗೆ ಸೊಂಟದವರೆಗೆ ನಿಂತಿತ್ತು. ಅವಳೂ ಗಂಡ ಕ್ಲೆಮ್ಮನೂ ಅಡುಗೆಮನೆಯ ಮೇಜು ಹತ್ತಿ ಐದು ಗಂಟೆ ಕಾದು, ಕಿಟಕಿಯಿಂದಲೇ ದೋಣಿಗೆ ಇಳಿದಿದ್ದರು. ಬೀದಿಯ ಕೊನೆಯ ಮನೆಯ ಮುದುಕ ದೋಣಿ ಬರುವವರೆಗೆ ಉಳಿಯಲಿಲ್ಲ. ಆಮೇಲೆ ಊರು ಹೊಸ ಬಣ್ಣ ಬಳಿದುಕೊಂಡಿತು, ಪುರಸಭೆಯವರು ದೀಪದ ಕಂಬಕ್ಕೆ ನೀರಿನ ಮಟ್ಟ ತೋರಿಸುವ ತಗಡೊಂದನ್ನು ಹೊಡೆದು ಹೋದರು. ಹೋದ ವರ್ಷ ಮನೆಗಳಿಗೆ ಮತ್ತೆ ಗಿರಾಕಿ ಬರತೊಡಗಿದಾಗ ಆ ತಗಡು ಕಾಣೆಯಾಯಿತು. ಯಾರು ಕಿತ್ತರೆಂದು ಬೀದಿಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಎದುರುಮನೆಯ ನೊಯೆಲೀನಳ ಜಗಲಿಯಲ್ಲಿ ಒಂದು ಭಾನುವಾರ ಸಾಸೇಜು ಸುಡುತ್ತಾ ಒಪ್ಪಂದವಾಗಿತ್ತು. "ಯಾರಾದ್ರೂ ಕೇಳಿದ್ರೆ ತೀರಾ ಸುಳ್ಳು ಹೇಳ್ಬೇಡಿ," ಎಂದಿದ್ದಳು ನೊಯೆಲೀನ್. "ಹಾಗಂತ ಭಾಷಣಾನೂ ಬಿಗೀಬೇಡಿ. ಒಬ್ಬರ ಬಾಯಿ ಸಡಿಲ ಆದ್ರೆ ಹನ್ನೆರಡು ಮನೆ ಬೆಲೆ ಬಿತ್ತು." ಎಲ್ಲರೂ ಬಿಯರಿನ ಲೋಟ ಎತ್ತಿ ಒಪ್ಪಿದ್ದರು. ಎತ್ತಿದವರಲ್ಲಿ ಗ್ಲೆನಿಸಳೂ ಇದ್ದಳು.

ಅವಳಿಗಂತೂ ಬೆಲೆ ಏರಲೇಬೇಕಿತ್ತು. ಕ್ಲೆಮ್ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಎರಡು ಆಳೆತ್ತರದ ಏಣಿಯ ಮೇಲೆ ಸೀಟಿ ಹೊಡೆಯುತ್ತಾ ಕೆಲಸ ಮಾಡಿದವನು. ಈಗ ನಡುಕದ ಕಾಯಿಲೆ. ಈ ವರ್ಷ ಮೆಟ್ಟಿಲಿನಿಂದ ಎರಡು ಸಲ ಉರುಳಿದ್ದ. ಎರಡನೇ ಸಲ ಮಣಿಕಟ್ಟು ಮುರಿದಿತ್ತು. ಮೂರನೆಯದು ಕುತ್ತಿಗೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಂದಿನಿಂದ ಕ್ಲೆಮ್ ಕೆಳಗಿಳಿದಿಲ್ಲ, ನಾಲ್ಕು ತಿಂಗಳಾಯಿತು. ಗುಡ್ಡದ ಮೇಲೆ ಒಂದು ಮನೆ ನೋಡಿಟ್ಟಿದ್ದರು. ಒಂದೇ ಮಟ್ಟ, ಮೆಟ್ಟಿಲೇ ಇಲ್ಲ. ಅದರ ಒಡತಿ ತಿಂಗಳ ಕೊನೆವರೆಗೆ ಕಾಯುತ್ತೇನೆ ಎಂದಿದ್ದಳು. ಅಷ್ಟರೊಳಗೆ ಇವರ ಮನೆ ನಾಲ್ಕು ಲಕ್ಷ ಡಾಲರಿಗೆ ಹೋಗಬೇಕು, ಇಲ್ಲದಿದ್ದರೆ ಗುಡ್ಡದ ಮನೆ ಬೇರೆಯವರ ಪಾಲು.

ಮನೆ ಮಾರಿಸುವ ಏಜೆಂಟ್ ಟ್ರೆಂಟ್ ಎಲ್ಲರ ಅಂಚೆಡಬ್ಬಿಗೂ ಒಂದು ನುಣುಪು ಕಾಗದ ತುರುಕಿದ್ದ: 'ಕುಲ್ಗರಿ ಈಸ್ಟ್, ಮುಂದಿನ ಹನ್ನೆರಡು ತಿಂಗಳು.' ಅದರಲ್ಲಿ ಈ ಬಡಾವಣೆಯ ಮನೆಬೆಲೆ ತೋರಿಸುವ ಹಸಿರು ಬಾಣವೊಂದು ಆಕಾಶ ನೋಡುತ್ತಿತ್ತು. "ಬಾಣ ಗೀಣ ಬಿಡಿ ಗ್ಲೆನಿಸ್," ಎಂದು ಅವನೇ ಅವಳ ಬಳಿ ಬಾಯಿಬಿಟ್ಟಿದ್ದ. "ಶನಿವಾರ ಪಕ್ಕದ ಮನೆ ಎಷ್ಟಕ್ಕೆ ಹೋಗುತ್ತೋ ನಿಮ್ಮದೂ ಅಷ್ಟಕ್ಕೇ. ಅದು ನೆಲ ಕಚ್ಚಿದ್ರೆ ನೀವೂ ಕಚ್ಚಿದ ಹಾಗೇ."

ಬೇಲಿಯ ಆಚೆ ರೊವೆನಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

"ಮೂರನೇ ಮೆಟ್ಟಿಲವರೆಗೆ," ಎಂದಳು ಗ್ಲೆನಿಸ್.

"ಮೂರೇನಾ?"

"ಮೂರು. ಒಂದೆರಡು ದಿನ ಇದ್ದು ಹೋಗುತ್ತೆ. ಕೆಸರು ತೊಳೆಯೋದೇ ರಗಳೆ."

ಅದು ಸುಳ್ಳೂ ಅಲ್ಲ. ಸಾಮಾನ್ಯ ವರ್ಷಗಳಲ್ಲಿ ನೀರು ಬರುತ್ತಿದ್ದದ್ದು ಅಲ್ಲಿಗೇ. ಆ ಒಂದು ವರ್ಷದ ಮಾತನ್ನು ಗ್ಲೆನಿಸ್ ಎತ್ತಲಿಲ್ಲ, ಅಷ್ಟೇ. ರೊವೆನಾ ಹಿಂದಿರುಗಿ ಒಂಬತ್ತನೇ ನಂಬರಿನ ಮೆಟ್ಟಿಲುಗಳನ್ನು ಕೆಳಗಿನಿಂದ ಎಣಿಸಿದಳು, ಮೂರಕ್ಕೆ ನಿಲ್ಲಿಸಿ ಮೇಲೆ ನೋಡಿದಳು. ಅವಳ ಮುಖ ಹಗುರಾಯಿತು. ಗ್ಲೆನಿಸ್ ಬಗ್ಗಿ, ಬಿದ್ದ ಕ್ಲಿಪ್ಪು ಹುಡುಕತೊಡಗಿದಳು.

ಹನ್ನೊಂದು ಗಂಟೆಗೆ ಟ್ರೆಂಟ್ ಕೋಟು ಸರಿಪಡಿಸಿಕೊಂಡು ಹುಲ್ಲಿನ ಮೇಲೆ ನಿಂತ. ಕೊಳ್ಳುವವರು ಮೂರೇ ಜನ, ನೋಡುವವರು ಮೂವತ್ತು. ತಮ್ಮ ಮನೆಯ ಬೆಲೆ ತಿಳಿಯಲು ಬೀದಿಗೆ ಬೀದಿಯೇ ಕಾಫಿ ಹಿಡಿದುಕೊಂಡು ಬಂದಿತ್ತು. ನೊಯೆಲೀನ್ ತನ್ನ ನಾಯಿಯ ಸಮೇತ ಗ್ಲೆನಿಸಳ ಪಕ್ಕಕ್ಕೆ ಸರಿದಳು.

"ಆ ನರ್ಸಮ್ಮಂಗೆ ಏನಂದೆ?"

"ಮೂರನೇ ಮೆಟ್ಟಿಲು."

"ಅಯ್ಯೋ, ನಾನು ಗೇಟಿಗೆ ಬಂದು ವಾಪಸ್ ಹೋಯ್ತು ಅಂದಿದ್ದೀನಲ್ಲೇ! ಮೊದ್ಲೇ ಮಾತಾಡ್ಕೋಬೇಕಿತ್ತು ಮಾರಾಯ್ತಿ."

"ಸುಮ್ನಿರು ನೊಯೆಲೀನ್. ಕೇಳಿಸುತ್ತೆ."

ಕೂಗು ಮೂರೂವರೆ ಲಕ್ಷದಿಂದ ಶುರುವಾಯಿತು. ಮಧ್ಯವಯಸ್ಸಿನ ದಂಪತಿ ಎರಡು ಸಲ ಕೂಗಿ, ಒಬ್ಬರ ಮುಖ ಒಬ್ಬರು ನೋಡಿ ಹಿಂದೆ ಸರಿದರು. ಉಳಿದವರು ರೊವೆನಾ ಮತ್ತು ಕಿವಿಗೆ ಫೋನು ಅಂಟಿಸಿಕೊಂಡಿದ್ದ ಒಬ್ಬ ಬೋಳುತಲೆಯವನು. ಅವನು ಸಿಡ್ನಿಯ ಯಾರದೋ ಪರವಾಗಿ ಬಂದವನು. ಕೊಳ್ಳುವ ಧಣಿ ಈ ಊರಿನ ಮಣ್ಣನ್ನೂ ತುಳಿದಿರಲಿಕ್ಕಿಲ್ಲ, ಮುಂದೆ ತುಳಿಯುವುದೂ ಇಲ್ಲ. ಅವನೇ ಗೆಲ್ಲಲಿ ಎಂದು ಗ್ಲೆನಿಸ್ ಮನಸ್ಸಿನಲ್ಲೇ ಹರಕೆ ಹೊತ್ತಳು. ಅವನು ಗೆದ್ದರೆ ಬೆಲೆಯೂ ಏರುತ್ತದೆ, ತನ್ನ ಮಾತು ನಂಬಿ ಯಾರೂ ಆ ಮನೆಯಲ್ಲಿ ಮಲಗಬೇಕಿಲ್ಲ.

"ಮೂರು ತೊಂಬತ್ತು!" ಬೋಳುತಲೆಯವನು ಬೆರಳೆತ್ತಿದ.

"ತೊಂಬತ್ತೈದು," ಎಂದಳು ರೊವೆನಾ.

"ನಾಲ್ಕು."

ಗ್ಲೆನಿಸಳಿಗೆ ಬೇಕಿದ್ದ ನಾಲ್ಕು ಮುಟ್ಟಿತ್ತು. ಇನ್ನು ನಿಲ್ಲಲಿ, ಇಲ್ಲೇ ನಿಲ್ಲಲಿ. ರೊವೆನಾ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ಏನೋ ಲೆಕ್ಕ ಹಾಕಿದಳು. ಆಮೇಲೆ ಗ್ಲೆನಿಸಳ ಕಡೆ ತಿರುಗಿ ನೋಡಿದಳು. ಪರೀಕ್ಷೆಗೆ ಕೂತವರು ಟೀಚರನ್ನು ನೋಡುವ ಹಾಗಿತ್ತು ಆ ನೋಟ.

"ನಾಲ್ಕು ಲಕ್ಷದ ಐದು ಸಾವಿರ," ಎಂದಳು.

ಮತ್ತೆ ಎರಡೆರಡು ಸಾವಿರ, ಆಮೇಲೆ ಒಂದೊಂದು ಸಾವಿರ. "ಒಂದು ಸಾವಿರಾನೂ ದುಡ್ಡೇ, ನಾಚ್ಕೋಬೇಡಿ!" ಎಂದು ಟ್ರೆಂಟ್ ಹುರಿದುಂಬಿಸಿದ. ರೊವೆನಾ ನಾಲ್ಕು ಲಕ್ಷ ಹನ್ನೆರಡು ಸಾವಿರ ಎಂದಾಗ ಬೋಳುತಲೆಯವನು ಫೋನಿನಲ್ಲಿ ಏನೋ ಗೊಣಗಿ, ಅದನ್ನು ಜೇಬಿಗೆ ಹಾಕಿಕೊಂಡು ತಲೆಯಲ್ಲಾಡಿಸಿದ. ಒಂದು ಸಲ, ಎರಡು ಸಲ. ಟ್ರೆಂಟ್ ಮೂರನೆಯದನ್ನು ಎಳೆದೆಳೆದು, ಸುತ್ತಲೂ ನೋಡಿ, ಅಂಗೈಗೆ ಅಂಗೈ ಬಡಿದ. ಬೀದಿ ಚಪ್ಪಾಳೆ ತಟ್ಟಿತು. ಜನ ತಟ್ಟಿದ್ದು ತಂತಮ್ಮ ಮನೆಗೇ.

"ಸಹಿ ಬೀಳೋವರೆಗೂ ಯಾರೂ ಕುಣೀಬೇಡಿ," ಎಂದ ಟ್ರೆಂಟ್, ಗ್ಲೆನಿಸಳಿಗೆ ಕಣ್ಣು ಹೊಡೆದು. "ಒಳಗೆ ಬನ್ನಿ ಸಿಸ್ಟರ್, ಹತ್ತು ನಿಮಿಷದ ಕೆಲಸ."

ರೊವೆನಾ ಒಳಗೆ ಹೋಗುವ ಬದಲು ಬೇಲಿಯ ಕಡೆ ಓಡಿ ಬಂದು ಗ್ಲೆನಿಸಳ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು.

"ಬೀದೀಲಿ ನಾಲ್ಕು ಜನರನ್ನ ಕೇಳ್ದೆ ಮೇಡಂ. ಒಬ್ರು ಗೇಟು ಅಂದ್ರು, ಒಬ್ರು ಅದು ಹೊಳೆ ನೀರಲ್ಲ, ಪೈಪು ಒಡೆದಿದ್ದು ಅಂದ್ರು! ನಿಜ ಹೇಳಿದ್ದು ನೀವೊಬ್ರೇ. ನಿಮ್ಮ ಮಾತಿನ ಮೇಲೇ ಕೂಗಿದ್ದು ನಾನು."

"ಅಯ್ಯೋ, ನನ್ನ ಮಾತು ಏನು ಮಹಾ..."

"ಹಾಗನ್ಬೇಡಿ. ನಂಗೆ ಯಾವಾಗ್ಲೂ ರಾತ್ರಿ ಪಾಳಿ. ಮುಂದಿನ ತಿಂಗಳು ಅಮ್ಮ ಬರ್ತಾರೆ, ಮಗೂನ ನೋಡ್ಕೊಳ್ಳೋಕೆ. ಅಮ್ಮಂಗೆ ಒಂದೇ ಮಾತು ಹೇಳಿಡ್ತೀನಿ. ನೀರು ಬಂದ್ರೆ ಹೆದರ್ಬೇಡ, ಓಡಿ ಹೋಗ್ಬೇಡ, ಮಗೂನ ಕರ್ಕೊಂಡು ಮೇಲೇ ಇರು. ಅಷ್ಟೇ ತಾನೆ?"

ಟ್ರೆಂಟ್ ಒಳಗಿನಿಂದ ಕೂಗಿದ. ರೊವೆನಾ ಅವಳ ಕೈಯನ್ನು ಇನ್ನೊಮ್ಮೆ ಅದುಮಿ, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಹೋದಳು.

ಗ್ಲೆನಿಸ್ ತನ್ನ ಹದಿನಾಲ್ಕು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕ್ಲೆಮ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದಿದ್ದ. ಮುಖವೆಲ್ಲ ಅರಳಿತ್ತು.

"ನಾಲ್ಕು ಹನ್ನೆರಡು! ಆ ಗಂಡಸು ಕೊನೇಲಿ ಜಾರಿದ್ನಲ್ಲೇ, ಛೇ. ತಗೊಂಡ ಹೆಂಗಸು ಯಾರು?"

"ಒಬ್ಬಳು ನರ್ಸು."

"ನರ್ಸಾ? ಪಕ್ಕದಲ್ಲಿ ನರ್ಸು ಬಂದಾಗ ನಾವು ಹೋಗ್ತಿದ್ದೀವಿ ನೋಡು, ನನ್ನ ಅದೃಷ್ಟ." ಅವನು ತನ್ನ ಜೋಕಿಗೆ ತಾನೇ ನಕ್ಕ. ಆಮೇಲೆ ಹೇಳಿದ, "ನಿಂಗೆ ಹೇಳಿರ್ಲಿಲ್ಲ ಕಣೆ ಗ್ಲೆನ್. ಆಗಲ್ಲ ಅಂದ್ರೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಫೋಟೋದಲ್ಲಿ ನೋಡ್ದೆ, ಆ ಗುಡ್ಡದ ಮನೇಲಿ ಅಡುಗೆಮನೆ ಬಾಗಿಲು ತೆಗೆದ್ರೆ ನೇರ ಹುಲ್ಲು. ನಾಲ್ಕು ತಿಂಗಳಾಯ್ತು ನಾನು ಹುಲ್ಲು ತುಳಿದು. ಬರಿಗಾಲಲ್ಲಿ ನಿಂತ್ಕೋತೀನಿ, ನೋಡ್ತಿರು. ಯಾರ ಕೈಯೂ ಹಿಡೀದೆ."

ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಅವನು ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಅವಳಿಗೆ ಅಳು ಬಂತು. ಮುಖ ತಿರುಗಿಸಿಕೊಂಡು ಮನೆಯ ಮಗ್ಗುಲಿನ ಜಗಲಿಯ ಗಾಜಿನ ಬಾಗಿಲಿನ ಬಳಿಗೆ ಹೋದಳು.

ಒಂಬತ್ತನೇ ನಂಬರಿನ ಅಡುಗೆಮನೆ ಎಂಟು ಹೆಜ್ಜೆ ಆಚೆಗೆ, ಸರಿಯಾಗಿ ಇದೇ ಮಟ್ಟದಲ್ಲಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಏಸಿ ಗುಂಯ್‌ಗುಡುತ್ತಿತ್ತು. ಒಳಗೆ ಮೇಜಿನ ಮುಂದೆ ರೊವೆನಾ ಕೂತಿದ್ದಳು. ಟ್ರೆಂಟ್ ಪಕ್ಕದಲ್ಲಿ ಬಗ್ಗಿ ಕಾಗದದ ಮೇಲೆ ಬೆರಳಿಟ್ಟು ಎಲ್ಲಿ ಬರೆಯಬೇಕೆಂದು ತೋರಿಸುತ್ತಿದ್ದ. ಗೋಡೆಗೆ ಬಳಿದ ಹೊಸ ಬಣ್ಣ ಬಿಸಿಲಿಗೆ ಮಿಂಚುತ್ತಿತ್ತು.

"ಟೊಮೆಟೊ ಹಾಕೋಣ, ಆಗದಾ?" ಎನ್ನುತ್ತಿದ್ದ ಕ್ಲೆಮ್ ಹಿಂದಿನಿಂದ. "ಎರಡು ಸಾಲು ಸಾಕು. ನೀನು ನೀರು ಹಾಕು, ನಾನು ಬೈತಾ ಕೂತ್ಕೋತೀನಿ."

"ಆಗಬಹುದು," ಎಂದಳು ಗ್ಲೆನಿಸ್.

ರೊವೆನಾ ತಲೆಯೆತ್ತಿದಳು. ಗಾಜಿನ ಹಿಂದೆ ನಿಂತ ಗ್ಲೆನಿಸಳನ್ನು ಕಂಡು ಮುಖ ತುಂಬ ನಕ್ಕು, ಪೆನ್ನು ಹಿಡಿದ ಕೈಯನ್ನೇ ಆಡಿಸಿದಳು. ಗ್ಲೆನಿಸಳೂ ಕೈ ಎತ್ತಿದಳು. ಎತ್ತಿದ ಕೈ ಆಡಲಿಲ್ಲ. ಅದನ್ನು ನಿಧಾನವಾಗಿ ಇಳಿಸುತ್ತಾ ಬಂದು, ಸೊಂಟದ ಮಟ್ಟಕ್ಕೆ ನಿಲ್ಲಿಸಿ, ಅಂಗೈಯನ್ನು ಗಾಜಿಗೆ ಒತ್ತಿ, ಆ ಬದಿಯಿಂದ ಈ ಬದಿಗೆ ಒಂದು ಗೆರೆಯೆಳೆದಳು. ಆಮೇಲೆ ಬೆರಳಿನಿಂದ ತನ್ನ ಕಾಲ ಕೆಳಗಿನ ನೆಲ ತೋರಿಸಿದಳು.

"ಗ್ಲೆನ್? ಯಾರ ಜೊತೆ ಆಟ ಆಡ್ತಿದ್ದೀಯೇ ಅಲ್ಲಿ?"

ಅವಳು ಅಂಗೈಯನ್ನು ಮತ್ತೆ ಅದೇ ಮಟ್ಟಕ್ಕೆ ತಂದು ಗಾಜಿಗೆ ಒತ್ತಿ ಹಿಡಿದಳು. ಪಕ್ಕದ ಮನೆಯಲ್ಲಿ ಪೆನ್ನು ಹಿಡಿದ ಕೈ ಮೇಲಿದ್ದಲ್ಲೇ ನಿಂತಿತ್ತು. ಟ್ರೆಂಟ್ ಮಾತ್ರ ಏನನ್ನೂ ನೋಡದೆ ಮುಂದಿನ ಹಾಳೆ ಮಗುಚುತ್ತಿದ್ದ.