ಸವಾರಿಯ ಬಾಲ

ರೋಡೆಲ್ ಚರ್ಚಿನ ಮುಂದೆ ಮಂಡಿಯೂರಿ ಕುಳಿತು ಸೈಕಲ್ಲಿನ ಹ್ಯಾಂಡಲ್ಲಿಗೆ ಶವಯಾತ್ರೆಯ ಕಿತ್ತಳೆ ಬಾವುಟ ಕಟ್ಟುತ್ತಿದ್ದ. ಕಾರಿನ ತಗಡಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಬಾವುಟ ಅದು, ಸೈಕಲ್ಲಿಗೆ ಎಲ್ಲಿ ನಿಲ್ಲಬೇಕು? ಅವನ ಹಿಂದೆ ರಸ್ತೆಯುದ್ದಕ್ಕೂ ಸೈಕಲ್ಲುಗಳು. ಪ್ರತಿ ಸೋಮವಾರ ಸಂಜೆ ಒಟ್ಟಾಗಿ ಸೈಕಲ್ಲು ತುಳಿಯುವ ಡೆಟ್ರಾಯಿಟ್ಟಿನ ‘ಸೋಮವಾರದ ಸವಾರಿ’ಯವರು ಹೀಗೆ ಶನಿವಾರ ಬೆಳಿಗ್ಗೆ ಕೂಡಿದ್ದು ಇದೇ ಮೊದಲು.

“ಗಾಡಿ ಮುಂದೆ, ನೀವೆಲ್ಲ ಹಿಂದೆ ಬನ್ನಿ ಅಂಕಲ್,” ಎಂದು ಮೆಟ್ಟಿಲಿಳಿದು ಬಂದಳು ಯೊಲಾಂಡಾ, ಸತ್ತ ಥರ್ಮನ್‌ನ ಒಬ್ಬಳೇ ಮಗಳು.

ರೋಡೆಲ್ ತಲೆಯೆತ್ತಿದ. “ಅದು ಹೆಂಗಾಗುತ್ತಮ್ಮ? ಥರ್ಮನ್ ನಮ್ಮ ಸವಾರಿಯ ಬಾಲ, ಯಾವಾಗ್ಲೂ ಎಲ್ಲರ ಕೊನೇಲಿ ಬರೋನು. ಬಾಲ ಎಲ್ಲಾದ್ರೂ ಮುಂದೆ ಹೋಗುತ್ತಾ?”

“ಇವತ್ತು ಹೋಗುತ್ತೆ.”

ಶವದ ಗಾಡಿಯ ಯಜಮಾನ ಗೇನ್ಸ್ ಅವಳ ಪರ ನಿಂತ. “ಹೆಣದ ಗಾಡಿ ಜನರ ಹಿಂದೆ ಹೋಗಿದ್ದನ್ನ ನಮ್ಮಪ್ಪ ನೋಡಿಲ್ಲ, ನಮ್ಮ ತಾತನೂ ನೋಡಿಲ್ಲ.”

“ಅವನು ಮುಂದೆ ಹೋದ್ರೆ ನಾನು ಸ್ಮಶಾನ ಮುಟ್ಟಿದ ಹಾಗೇ,” ಎಂದಳು ಮಿಸ್ ಆರ್ವೆಲ್ಲಾ, ತನ್ನ ಮೂರು ಗಾಲಿಯ ಕೆಂಪು ಸೈಕಲ್ಲಿನ ಮೇಲಿಂದ. ಸವಾರಿಯಲ್ಲೆಲ್ಲ ಹಿರಿಯಳು, ಸವಾರಿಯಲ್ಲೆಲ್ಲ ನಿಧಾನದವಳು. “ಈ ರೋಡೆಲ್‌ಗೆ ಕತ್ತು ಹಿಂದಕ್ಕೆ ತಿರುಗಲ್ಲ. ಹಾಡು ಹಾಕ್ಕೊಂಡು ಹೋಗ್ತಾನೇ ಇರ್ತಾನೆ.”

ಸುತ್ತ ನಿಂತವರು ನಕ್ಕರು. ಯೊಲಾಂಡಾ ನಗಲಿಲ್ಲ.

“ನನ್ನ ಮಗನ ಹುಟ್ಟುಹಬ್ಬಕ್ಕೆ ಅಪ್ಪ ಕೇಕು ಮುಗಿದ ಮೇಲೆ ಬಂದ. ಯಾರದೋ ಚೈನು ಬಿದ್ದಿತ್ತಂತೆ.”

“ನಂದೇ ಕಣೇ ಅದು.”

“ಗೊತ್ತು, ಮಿಸ್ ಆರ್ವೆಲ್ಲಾ. ಯಾವಾಗ ನೋಡಿದ್ರೂ ಊರವರ ಹಿಂದೆ. ಇವತ್ತೊಂದು ದಿನ ನಮ್ಮಪ್ಪ ಎಲ್ಲರಿಗಿಂತ ಮುಂದೆ ಹೋಗಲಿ. ಅಷ್ಟೂ ಕೇಳಬಾರದಾ ನಾನು?”

“ಆಯ್ತಮ್ಮ, ಗಾಡಿಯೇ ಮುಂದೆ ಹೋಗಲಿ.” ರೋಡೆಲ್ ಬಾವುಟವನ್ನು ಮಡಚಿ ಜೇಬಿಗೆ ತುರುಕಿದ.

*

ಥರ್ಮನ್ ಸಿಟಿ ಬಸ್ಸು ಓಡಿಸುತ್ತಿದ್ದವನು. ನಿವೃತ್ತಿಯಾದ ಮೇಲೆ ಹೆಂಡತಿಯೂ ತೀರಿಹೋದಳು, ಟೀವಿಯ ಮುಂದೆ ಕುಳಿತು ಕುಳಿತು ಸಾಕಾಗಿ ಯಾರದೋ ಹಳೇ ಸೈಕಲ್ಲೇರಿ ಸವಾರಿಗೆ ಬಂದ. ಅಲ್ಲಿ ಎಲ್ಲರಿಗೂ ಮುಂದಿನ ಸಾಲೇ ಬೇಕು. ರೋಡೆಲ್‌ನ ಸೈಕಲ್ಲಿಗೆ ಕಟ್ಟಿದ ದೊಡ್ಡ ಸ್ಪೀಕರು ಇರುವುದು ಅಲ್ಲಿ, ಕುಣಿತವೂ ಅಲ್ಲೇ. ಕೊನೆಯವನಾಗಲು ಮಾತ್ರ ಒಬ್ಬರೂ ಒಪ್ಪುತ್ತಿರಲಿಲ್ಲ. ಪ್ರತಿ ಚೌಕದಲ್ಲೂ ಇಬ್ಬರು ಸೈಕಲ್ಲು ಅಡ್ಡ ಇಟ್ಟು ಕಾರುಗಳನ್ನು ತಡೆಯುತ್ತಾರೆ, ಬಾಲ ದಾಟಿದ ಮೇಲೆಯೇ ರಸ್ತೆ ಬಿಡುತ್ತಾರೆ. ಅಷ್ಟರಲ್ಲಿ ಕಾದು ಕಾದು ಸಿಟ್ಟಾದವರ ಬೈಗುಳವೆಲ್ಲ ಬಾಲದ ಪಾಲಿಗೆ. ಥರ್ಮನ್ ಆ ಕೊನೆಯ ಜಾಗವನ್ನೇ ಕೇಳಿ ಪಡೆದ.

“ಒಂದು ಸಲ ಮುಂದೆ ಹೋದ್ರೆ ನಿನ್ನ ಗಂಟೇನು ಹೋಗುತ್ತಪ್ಪ?” ಎಂದು ಒಮ್ಮೆ ಯೊಲಾಂಡಾ ಹಂಗಿಸಿದ್ದಳು. ಅವನು ಒಲೆಯ ಮುಂದೆ ನಿಂತು ಮೀನು ಕರಿಯುತ್ತಿದ್ದ.

“ಬಸ್ಸಿಗೆ ಟೈಮಿತ್ತಲ್ಲ ಮಗಳೇ,” ಎಂದ, ಮೀನು ಮಗುಚುತ್ತ. “ಚೀಲ ಹಿಡ್ಕೊಂಡು, ಕೂಸನ್ನ ಎತ್ಕೊಂಡು ಓಡಿ ಬರೋರು. ಕನ್ನಡೀಲಿ ಕಾಣೋರು. ಬಿಟ್ಟು ಹೋಗ್ತಿದ್ದೆ. ಇಲ್ಲಿ ನಂಗೆ ಟೈಮಿಲ್ಲ ನೋಡು, ಅದೇ ಸುಖ.”

ಅವಳಿಗೆ ಅದು ನೆಪದ ಮಾತೆನಿಸಿತ್ತು. ಮೀನಿಗೆ ತಟ್ಟೆ ಒಡ್ಡಿದ್ದಳು.

*

ನೆಂಟರ ಕಾರುಗಳು ಹತ್ತಿರದ ದಾರಿ ಹಿಡಿದು ಮೊದಲೇ ಹೊರಟವು. ಶವದ ಗಾಡಿಯಲ್ಲಿ ಗೇನ್ಸ್‌ನ ಪಕ್ಕ ಕುಳಿತ ಯೊಲಾಂಡಾಳಿಗೆ ಮುಂದೆ ಬರೀ ಖಾಲಿ ರಸ್ತೆ. ಕ್ಷೌರದಂಗಡಿಯವರು ಹೊರಗೆ ಬಂದು ಟೋಪಿ ತೆಗೆದು ನಿಂತರು. ಅಪ್ಪನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಕಂಡು ಅವಳ ಎದೆ ತುಂಬಿ ಬಂತು.

ಗೇನ್ಸ್ ನಿಧಾನವಾಗಿಯೇ ಓಡಿಸುತ್ತಿದ್ದ. ಆದರೆ ಕಾರಿನ ನಿಧಾನವೇ ಬೇರೆ, ಸೈಕಲ್ಲಿನ ನಿಧಾನವೇ ಬೇರೆ. ಅವಳು ಪಕ್ಕದ ಕನ್ನಡಿ ನೋಡಿದಳು. ಚೌಕದಲ್ಲಿ ಸೈಕಲ್ಲು ಅಡ್ಡ ಇಟ್ಟ ಇಬ್ಬರೂ ದಂಡು ದಾಟಿದ್ದೇ ತಡ ರಸ್ತೆ ಬಿಟ್ಟುಬಿಟ್ಟರು. ಬಾಲ ಯಾರೆಂದು ಇವತ್ತು ಅವರಿಗೆ ಯಾರೂ ಹೇಳಿರಲಿಲ್ಲ. ಕಾರುಗಳು ನುಗ್ಗಿದವು. ಅವುಗಳಾಚೆ ದೂರದಲ್ಲಿ ಒಂದು ಕೆಂಪು ಸೈಕಲ್ಲು ಒಂಟಿಯಾಗಿ ನಿಂತಿತ್ತು. ಅದರ ಮೇಲಿದ್ದವಳು ಇವರತ್ತ ಕೈ ಬೀಸುತ್ತಿದ್ದಳು.

“ನಿಲ್ಸಿ,” ಎಂದಳು ಯೊಲಾಂಡಾ.

“ನಡುದಾರೀಲಿ ಹೆಣ ನಿಲ್ಲಬಾರದಮ್ಮ.”

“ಪಕ್ಕಕ್ಕೆ ಹಾಕಿ. ಅವರೆಲ್ಲ ಮುಂದೆ ಹೋಗಲಿ.”

“ಗಾಡಿ ಮುಂದೆ ಅಂತ ಹಟ ಹಿಡಿದೋಳು ನೀನೇ ಅಲ್ವಾ?”

“ಹೌದು. ಆಸೆ ಆಗಿತ್ತು,” ಎಂದಳು. ಅವಳಿಗೆ ಅಳು ಬಂತು, ತಡೆಯಲಿಲ್ಲ.

ಗೇನ್ಸ್ ಏನೋ ಗೊಣಗಿಕೊಂಡು ಗಾಡಿಯನ್ನು ಬದಿಗೆಳೆದ. ಸೈಕಲ್ಲುಗಳು ಒಂದೊಂದಾಗಿ ದಾಟಿದವು. ರೋಡೆಲ್ ಒಳಗೆ ಇಣುಕಿ ನೋಡಿದ, ಅರ್ಥವಾಯಿತು. “ಲೋ, ಬಾಲ ಬರೋವರೆಗೂ ರಸ್ತೆ ಬಿಡಬೇಡ್ರೋ!” ಎಂದು ಹುಡುಗರಿಗೆ ಕೂಗಿ ಹೇಳಿ ಮುಂದೆ ಹೋದ. ಎಲ್ಲರಾದ ಮೇಲೆ, ಎಷ್ಟೋ ಹೊತ್ತಿಗೆ, ಮಿಸ್ ಆರ್ವೆಲ್ಲಾ ಏದುಸಿರು ಬಿಡುತ್ತ ದಾಟಿದಳು. ಶವದ ಗಾಡಿ ಅವಳ ಹಿಂದೆ ಹೊರಟಿತು.

ಹೆದ್ದಾರಿಯ ಮೇಲಿನ ಸೇತುವೆಯ ಏರಿನಲ್ಲಿ ಅವಳ ಕಾಲು ಸೋತಿತು. ಇಳಿದು ಸೈಕಲ್ಲು ತಳ್ಳತೊಡಗಿದಳು. ಬೆನ್ನ ಹಿಂದೆ ಎಂಜಿನ್ನಿನ ಸದ್ದು ಕೇಳಿ ತಿರುಗಿ ನೋಡಿದಳು.

“ನೀ ಹೋಗೋ ಥರ್ಮನ್,” ಎಂದಳು, ಗಾಡಿಗೆ ಕೈ ಬೀಸಿ. “ನಂದು ತಡ ಆಗುತ್ತೆ. ನೀ ಮುಂದೆ ಹೋಗು.”

ಗಾಡಿ ಮುಂದೆ ಹೋಗಲಿಲ್ಲ. ಅದರ ಹಿಂದೆ ಸೇತುವೆಯ ಬುಡದವರೆಗೂ ಕಾರುಗಳು ನಿಂತಿದ್ದವು, ಯಾರೂ ಹಾರ್ನ್ ಹೊಡೆಯಲಿಲ್ಲ. ಆರ್ವೆಲ್ಲಾ ಮುಖ ಒರೆಸಿಕೊಂಡು ಮತ್ತೆ ಸೈಕಲ್ಲು ತಳ್ಳಿದಳು. ನಾಲ್ಕು ಮಾರು ಹೋಗಿ ಉಸಿರಿಗೆ ನಿಂತಳು. ಗಾಡಿಯೂ ನಾಲ್ಕು ಮಾರು ಬಂದು ನಿಂತಿತು.