ತತ್ತಿಯ ಬದಲು ಆಲೂಗಡ್ಡೆ

ದೇಶನೂರಿನ ಗುರುಬಸಮ್ಮ ತಮ್ಮ ಮನೆಯ ಪಡಸಾಲೆಯನ್ನು ನಮಗೆ ಒಂದೇ ಒಂದು ಭಾನುವಾರಕ್ಕೆ ಕೊಟ್ಟಿದ್ದರು. "ಮೊದ್ಲು ನೋಡತೀನಿ, ಮುಂದಿಂದು ಆಮ್ಯಾಲ" ಎಂದಿದ್ದರು. ಬಳ್ಳಾರಿಯ ನಮ್ಮ ಕಾಲೇಜು ಕಲಿಸುವವರನ್ನು ಕಳಿಸಬೇಕು, ಕುರುಗೋಡಿನ ಪ್ರೌಢಶಾಲೆ ಸಾಮಾನು ಕೊಡಬೇಕು, ಸಿರುಗುಪ್ಪ ತಾಲ್ಲೂಕಿನ ಈ ದೇಶನೂರು ಜಾಗ ಕೊಡಬೇಕು. ಇದು ನಮ್ಮ ಒಪ್ಪಂದ. ಊರಿನವರಿಗೆ ಪರೀಕ್ಷೆ, ಹಾಜರಿ ಯಾವುದೂ ಇಲ್ಲದ ವಿಜ್ಞಾನ. ಈ ಪಡಸಾಲೆ ತಪ್ಪಿದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ರಸಾಯನಶಾಸ್ತ್ರ ಕಲಿಸುವ ನಾನು ಮೊದಲ ದಿನಕ್ಕೆ ಭತ್ತದ ಬೀಜವನ್ನೇ ಆರಿಸಿದ್ದೆ. ಮೊಟ್ಟೆ ತೇಲುವಷ್ಟು ಉಪ್ಪು ಬೆರೆಸಿದ ನೀರಿಗೆ ಬೀಜ ಸುರಿದರೆ ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಬಕೆಟ್, ಹರಳುಪ್ಪು, ಮೊಟ್ಟೆ, ಎಲ್ಲವನ್ನೂ ಪಟ್ಟಿ ಮಾಡಿ ತಂದಿದ್ದೆ. ನಿತ್ಯ ಲಿಂಗಪೂಜೆ ನಡೆಯುವ ಮನೆ ಎಂಬುದು ಮಾತ್ರ ಪಟ್ಟಿಯಲ್ಲಿರಲಿಲ್ಲ.

"ಅಯ್ಯ ಶಿವನ! ಆ ತತ್ತಿ ಹೊರಗ ಒಯ್ರಿ ಮೊದ್ಲು!" ಗುರುಬಸಮ್ಮ ಎದ್ದೇಬಿಟ್ಟರು. "ಅದಿಲ್ದಿದ್ರ ನಿಮ್ಮ ವಿಜ್ಞಾನ ನಡಿಯಂಗಿಲ್ಲೇನು?"

ನಾನು ಮೊಟ್ಟೆಯನ್ನು ಬೀದಿಗೆ ಒಯ್ದಿಟ್ಟು ಬಂದೆ. ಪಕ್ಕದ ಮನೆಯ ಮೂಕಮ್ಮ ಬಾಯಿ ಹಾಕಿದಳು: "ಆಲೂಗಡ್ಡಿ ಹಾಕ್ರಿ ಮೇಡಂ. ಅದೂ ಗುಂಡಗ ಐತಿ."

ನೆರೆದಿದ್ದ ಹೆಂಗಸರು, ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. "ಹಾಕಿ ನೋಡೋಣ. ಏನಾಗುತ್ತೋ ನನಗೂ ಗೊತ್ತಿಲ್ಲ."

"ಇಷ್ಟು ಓದೀರಿ, ಗೊತ್ತಿಲ್ಲೇನು?" ಗುರುಬಸಮ್ಮ ಕುತೂಹಲದಿಂದ ಮತ್ತೆ ಕುಳಿತರು.

ಒಂದು ಬಕೆಟ್ ಬೀದಿಯಲ್ಲಿ, ಮೊಟ್ಟೆಗೆ. ಇನ್ನೊಂದು ಪಡಸಾಲೆಯಲ್ಲಿ, ಆಲೂಗಡ್ಡೆಗೆ. ಎರಡಕ್ಕೂ ಅಳೆದು ಹತ್ತು ಲೀಟರ್ ನೀರು. ಎರಡಕ್ಕೂ ಉಪ್ಪು ಮೂಕಮ್ಮನದೇ ಮುಷ್ಟಿಯಲ್ಲಿ. ಮಕ್ಕಳು ಊರಿಗೆಲ್ಲ ಕೇಳುವಂತೆ ಎಣಿಸಿದರು. ಇಪ್ಪತ್ತನೆಯ ಮುಷ್ಟಿಗೆ ಆಲೂಗಡ್ಡೆ ಮೆಲ್ಲಗೆ ಮೇಲೆದ್ದಿತು, ಇಪ್ಪತ್ತೆರಡಕ್ಕೆ ಮೊಟ್ಟೆ.

"ಅಂದ್ರ ಆಲೂಗಡ್ಡಿ ಎದ್ದ ಮ್ಯಾಲ ಇನ್ನ ಎಲ್ಡು ಮುಷ್ಟಿ!" ಎಂದಳು ಮೂಕಮ್ಮ. ನಾನು ಓದಿದ ಯಾವ ಪುಸ್ತಕದಲ್ಲೂ ಈ ಲೆಕ್ಕವಿರಲಿಲ್ಲ. ಬೇರೆ ಆಲೂಗಡ್ಡೆಗೆ ಬೇರೆ ಲೆಕ್ಕ ಬರಬಹುದು, ಮತ್ತೆ ಮತ್ತೆ ನೋಡಬೇಕು ಎಂದೆ.

ಒಳಗಿನ ಬಕೆಟ್ಟಿಗೆ ಆ ಎರಡು ಮುಷ್ಟಿ ಬಿದ್ದ ಮೇಲೆ ಗುರುಬಸಮ್ಮ ತಾವೇ ಒಂದು ಸೇರು ಭತ್ತ ತಂದರು. "ನಮ್ಮ ಬೀಜ ಸುರೀರಿ. ಚಿನ್ನ ಅದು, ಚಿನ್ನ."

ಸುರಿದೆ. ಕಾಲು ಪಾಲು ಮೇಲೆ ಬಂದು ನಿಂತಿತು.

ಪಡಸಾಲೆ ಹೋಯಿತು ಅಂದುಕೊಂಡೆ.

"ಅಮ್ಮಾರೇ," ಮೂಕಮ್ಮನಿಗೆ ತಡೆಯಲಾಗಲಿಲ್ಲ, "ನಿಮ್ಮ ಚಿನ್ನ ತೇಲಾಕ ಹತ್ತೈತಲ್ರಿ!"

ಗುರುಬಸಮ್ಮ ನೀರಿಗೆ ಕೈಯಿಟ್ಟು ತೇಲುವ ಕಾಳೊಂದನ್ನು ಉಗುರಿನಿಂದ ಒತ್ತಿದರು. ಬರೀ ಹೊಟ್ಟು. ಇನ್ನೊಂದನ್ನು ಒತ್ತಿದರು. ಅದೂ ಹೊಟ್ಟೇ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನೋಡಿದರೆ, ಕಣ್ಣಲ್ಲಿ ನೀರು ಬರುವಷ್ಟು ನಗು.

"ನಲವತ್ತು ವರ್ಷ ಈ ಜೊಳ್ಳನ್ನೂ ಸಸಿಮಡಿಯಾಗ ಚೆಲ್ಲೀನಲ್ಲ, ನಾ ಎಂಥಾಕಿ! ಮೇಡಂ, ವಾರ ವಾರ ಬರ್ರಿ, ಪಡಸಾಲಿ ನಿಮ್ದ. ಆದ್ರ ಮುಂದಿನ ಐತವಾರ ಮೊದ್ಲು ಈ ಮೂಕಮ್ಮನ ಬೀಜ ಸುರೀಬೇಕು. ಎಲ್ಲಾರ ಮುಂದ!"

ಮೂಕಮ್ಮ ಮುಂದಿನ ಭಾನುವಾರದ ತನಕ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೀಜ ತರಲು ಆಗಲೇ ಮನೆಗೆ ಓಡಿದಳು.