ಲಿಂಬೆಹಣ್ಣಿನ ಚೀಲ

ಭಾಲ್ಕಿಯ ಕಾಲೇಜನ್ನು ಬೀದರಿನ ಕಾಲೇಜು ಫುಟ್ಬಾಲಿನಲ್ಲಿ ಸೋಲಿಸಿ ಹದಿನಾಲ್ಕು ವರ್ಷವಾಗಿತ್ತು. ಅಲ್ಲಿಂದೀಚಿನ ಸೋಲುಗಳನ್ನೆಲ್ಲ ಗೆರೆಯಾಚೆ ನಿಂತು ನುಂಗಿದವರು ಬೀದರಿನ ಆಟದ ಮಾಸ್ತರರಾದ ಮಾಧವ. ಬರುವ ಮಾರ್ಚಿಗೆ ಅವರ ನಿವೃತ್ತಿ. ಈ ಸಲದ ತಂಡ ಮಾತ್ರ ಬೇರೆಯೇ ಇತ್ತು. ನಾಯಕ ಕಲೀಮ ಗೋಲ್‌ಕೀಪರ್. ಇಡೀ ವರ್ಷ ಅವನ ಕೈತಪ್ಪಿದ್ದು ಎರಡೇ ಗೋಲು. ಅವನಿಗೂ ಕಾಲೇಜಿನಲ್ಲಿ ಇದೇ ಕಡೆಯ ವರ್ಷ. ಗೆದ್ದರೆ ಈಗ, ಇಲ್ಲದಿದ್ದರೆ ಎಂದೂ ಇಲ್ಲ ಎಂದು ಮಾಸ್ತರರು ಮೂರು ತಿಂಗಳು ಹೊಟ್ಟೆತುಂಬ ಉಂಡಿರಲಿಲ್ಲ.

ಹಾಳಾದ್ದು ಅವರ ಎಚ್ಚರಿಕೆ! ಹುಡುಗರು ಮರೆತಾರೆಂದು ಹಿಂದಿನ ದಿನವೇ ಎಲ್ಲರ ಗುರುತಿನ ಕಾರ್ಡು ಇಸಿದುಕೊಂಡು, ಮೊಣಕಾಲ ಪಟ್ಟಿಗಳ ಜೊತೆ ಚೀಲಕ್ಕೆ ಹಾಕಿ, ಬೀದರಿನ ನೌಬಾದದ ತಮ್ಮ ಮನೆಯ ಗೂಟಕ್ಕೆ ತೂಗುಹಾಕಿದರು. ಪಕ್ಕದ ಗೂಟದಲ್ಲಿ ಹೆಂಡತಿ ಪ್ರಮಿಲಾ ಹುಡುಗರಿಗೆಂದು ತುಂಬಿಟ್ಟ ಲಿಂಬೆಹಣ್ಣಿನ ಚೀಲ. ಎರಡೂ ಒಂದೇ ಅಂಗಡಿಯ ಹಳದಿ ಚೀಲಗಳು. ಲಿಂಬೆಹಣ್ಣು ಪಂದ್ಯ ನಡೆಯುವ ಔರಾದದಲ್ಲೂ ಸಿಗುತ್ತವೆಂದು ಮಾಸ್ತರರು ಒಂದೇ ಚೀಲ ಎತ್ತಿಕೊಂಡು ಹೊರಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ.

ಔರಾದದ ಮೈದಾನದಲ್ಲಿ ರೆಫರಿ ಕಾರ್ಡು ಕೇಳಿದ. ಚೀಲಕ್ಕೆ ಕೈ ಹಾಕಿದರೆ ಲಿಂಬೆಹಣ್ಣು. ಮಾಸ್ತರರು ಮನೆಗೆ ಫೋನು ಮಾಡಿದರು.

"ಕಾರ್ಡಿನ ಚೀಲ ಇಲ್ಲೇ ಗೂಟಕ್ಕ ಅದ ರೀ," ಎಂದರು ಪ್ರಮಿಲಾ. "ನೀವು ಯಾವುದು ಒಯ್ದೀರಿ?"

ಬೀದರಿನಿಂದ ಚೀಲ ಬರಲು ಒಂದು ತಾಸಾದರೂ ಬೇಕು, ರೆಫರಿ ಕೊಟ್ಟದ್ದು ಇಪ್ಪತ್ತು ನಿಮಿಷ. ಮೊಬೈಲಿನ ಫೋಟೋ ನಡೆಯುವುದಿಲ್ಲ ಎಂದ. ಎದುರು ತಂಡದ ಮಾಸ್ತರರು ತಕರಾರಿಲ್ಲವೆಂದು ಬರೆದುಕೊಟ್ಟರೆ ಮಾತ್ರ ಆಡಿಸಬಹುದು.

ಮಾಧವ ಮಾಸ್ತರರು ಭಾಲ್ಕಿಯ ಕಾಶೀರಾಮ ಮಾಸ್ತರರ ಮುಂದೆ ಕೈಮುಗಿದು ನಿಂತರು.

"ಹೋದ ವರ್ಷ ನಮ್ಮ ಹುಡುಗ ಕಾರ್ಡು ಮರ್ತು ಬಂದಿದ್ದ, ನಿಮ್ಮ ಕಾಲಿಗೆ ಬಿದ್ದಿದ್ದ," ಎಂದರು ಕಾಶೀರಾಮ. "ಕಾರ್ಡು ಇಲ್ಲಂದ್ರ ಆಟ ಇಲ್ಲ ಅಂದೋರು ಯಾರ್ರಿ, ಮಾಧವರಾವ? ನಾ ಹೊಸಾದೇನೂ ಹೇಳ್ಲಿಕತ್ತಿಲ್ಲ."

ಮಾಡಿದ್ದುಣ್ಣೋ ಮಹಾರಾಯ. ಹೋದ ವರ್ಷ ನಿಯಮದ ಪುಸ್ತಕ ತೆರೆದು ಆ ಹುಡುಗನನ್ನು ಹೊರಗೆ ಕೂಡಿಸಿದವರು ಇದೇ ಮಾಸ್ತರರು. ಹಾಗೆ ಮಾಡಿಯೂ ಸೋತಿದ್ದರು, ಅದು ಬೇರೆ ಮಾತು.

ರೆಫರಿ ಸೀಟಿ ಊದಿದ. ಭಾಲ್ಕಿಯ ಹನ್ನೊಂದು ಜನ ಬರಿದಾದ ಮೈದಾನದಲ್ಲಿ ಚೆಂಡು ಒಯ್ದು ಬರಿದಾದ ಗೋಲಿನೊಳಗೆ ದೂಡಿ, ಆಡದೆಯೇ ಗೆದ್ದರು. ಕಲೀಮ ಕೈಗವಸು ತೊಟ್ಟುಕೊಂಡೇ ಗೆರೆಯಾಚೆ ನಿಂತು ನೋಡಿದ. ಮರಳುವ ಬಸ್ಸಿನಲ್ಲಿ ಯಾರೂ ಮಾಸ್ತರರನ್ನು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಲೀಮ ಕಾರ್ಡು ಒಯ್ಯಲು ನೌಬಾದದ ಮನೆಗೆ ಬಂದ. ಕೈಗೆ ಕೊಟ್ಟ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕೇಳಿದ, "ಸರ್, ಖರೇ ಹೇಳ್ರಿ. ಆಡಿದ್ರ ನಾವು ಗೆಲ್ತಿದ್ವಿ ಅಲ್ರಿ?"

ಗೆಲ್ಲುತ್ತಿದ್ದರು. ಮಾಸ್ತರರಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಹೌದೆಂದರೆ ಹುಡುಗ ಜನ್ಮವಿಡೀ ಕೊರಗುತ್ತಾನೆ ಎನಿಸಿತು.

"ಇಲ್ಲಪಾ," ಎಂದರು. "ಈ ಸಲಾನೂ ಸೋಲ್ತಿದ್ವಿ."

ಔರಾದದಲ್ಲಿ ಅಳದ, ಬಸ್ಸಿನಲ್ಲಿ ಅಳದ ಹುಡುಗನ ಕಣ್ಣು ಆಗ ತುಂಬಿ ಬಂತು. "ನಿಮಗೂ ನಮ್ಮ ಮ್ಯಾಲ ನಂಬಿಗಿ ಇರ್ಲಿಲ್ಲೇನ್ರಿ, ಸರ್?"

ಸುಳ್ಳು ಹೇಳಿದೆನಪ್ಪಾ ಎನ್ನಲು ಮಾಸ್ತರರು ಬಾಯಿ ತೆರೆದರು. ಈಗ ನಿಜ ಹೇಳಿದರೂ ಅವನು ಅದನ್ನು ಸಮಾಧಾನದ ಮಾತೆಂದೇ ತಿಳಿಯುತ್ತಾನೆಂದು ಅವರಿಗೆ ಗೊತ್ತಾಯಿತು. ಕಲೀಮ ಕಾರ್ಡು ಜೇಬಿಗಿಟ್ಟುಕೊಂಡು, ಗೇಟು ಸದ್ದಾಗದಂತೆ ಮುಚ್ಚಿ ಹೋದ.